ಹಿತ್ತಾಳೆಯ ಎಂಜಿನ್ನೋ, ಪ್ಲಾಸ್ಟಿಕ್ ಎಂಜಿನ್ನೋ?

ರಾಯಚೂರು ತಾಲ್ಲೂಕಿನ ಕಲ್ಮಲ, ಆಚೆಗಿನ ಮಾನ್ವಿ, ದೇವದುರ್ಗ – ಈ ಭಾಗದವರಿಗೆ ಬಹುಕಾಲ ರೈಲು ಎಂದರೆ ರಾಯಚೂರು ನಿಲ್ದಾಣವೇ ಆಗಿತ್ತು. ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಯೂ ಮದ್ರಾಸಿನಿಂದ ಬಂದ ಮದ್ರಾಸ್ ರೈಲ್ವೆಯ ಹಳಿಯೂ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ. ಆ ಕಾಲದ ಉಗಿ ಎಂಜಿನ್ನಿನ ಓಡುವ ಮಾದರಿಯೊಂದು ನಿಮ್ಮ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಬೇಕು ಎಂದಿಟ್ಟುಕೊಳ್ಳಿ. ಅದು ಹಿತ್ತಾಳೆಯದಾಗಿರಬೇಕೋ, ಪ್ಲಾಸ್ಟಿಕ್ಕಿನದೋ?

ಮೊದಲು ಸ್ವಲ್ಪ ಇತಿಹಾಸ. 19ನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಮಾರಾಟವಾಗುತ್ತಿದ್ದ ಆಟಿಕೆ ಉಗಿ ಎಂಜಿನ್ನುಗಳು ಹಿತ್ತಾಳೆಯವು. ಅವುಗಳಲ್ಲಿ ನಿಜವಾಗಿಯೂ ನೀರು ಕುದಿಯುತ್ತಿದ್ದುದರಿಂದ ಲೋಹ ಅನಿವಾರ್ಯವಾಗಿತ್ತು. ವಿದ್ಯುತ್ ಮೋಟಾರು ಬಂದ ಮೇಲೆ ಆ ಅನಿವಾರ್ಯತೆ ಹೋಯಿತು. 1938ರಲ್ಲಿ ಬಂದ ಹಾರ್ನ್‌ಬಿ ಡಬ್ಲೊ ಎಂಜಿನ್ನುಗಳ ಹೊದಿಕೆ ಸತುವಿನ ಮಿಶ್ರಲೋಹದ ಎರಕ. 1950ರಲ್ಲಿ ರೋವೆಕ್ಸ್ ಸಂಸ್ಥೆ ಪ್ಲಾಸ್ಟಿಕ್ ರೈಲನ್ನು ಅಗ್ಗದ ಬೆಲೆಗೆ ತಂದಿತು. ಮುಂದೆ ಅದೇ ಟ್ರಯಾಂಗ್ ಆಯಿತು. 1964ರಲ್ಲಿ ಟ್ರಯಾಂಗ್‌ನ ಒಡೆಯರಾದ ಲೈನ್ಸ್ ಬ್ರದರ್ಸ್, ಹಾರ್ನ್‌ಬಿಯ ಒಡೆತನವಿದ್ದ ಮೆಕಾನೊ ಸಂಸ್ಥೆಯನ್ನೇ ಕೊಂಡುಕೊಂಡರು. ಪೇಟೆಯಲ್ಲಿ ಪ್ಲಾಸ್ಟಿಕ್ ಗೆದ್ದಿತು.

ಆದರೂ ಹಿತ್ತಾಳೆ ಅಳಿಯಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಜಪಾನಿನ, ಆಮೇಲೆ ದಕ್ಷಿಣ ಕೊರಿಯಾದ ಕುಶಲಕರ್ಮಿಗಳು ತೆಳು ಹಿತ್ತಾಳೆ ತಗಡನ್ನು ಬೆಸೆದು ಮಾಡಿದ ಎಂಜಿನ್ನುಗಳು ಅಮೆರಿಕಕ್ಕೆ ಹೋದವು. ಕಾರಣ ಸರಳ. ಪ್ಲಾಸ್ಟಿಕ್ಕಿಗೆ ಉಕ್ಕಿನ ಅಚ್ಚು ಬೇಕು. ಅದು ಬಲು ದುಬಾರಿ. ಸಾವಿರಾರು ಪ್ರತಿಗಳು ಮಾರಾಟವಾದರೆ ಮಾತ್ರ ಆ ಖರ್ಚು ಗಿಟ್ಟುತ್ತದೆ. ಕೆಲವರಷ್ಟೇ ಕೇಳುವ ಅಪರೂಪದ ಎಂಜಿನ್ನಿಗೆ ಕೈಕೆಲಸದ ಹಿತ್ತಾಳೆಯೇ ದಾರಿ.

ಈಗ ಭೌತವಿಜ್ಞಾನಕ್ಕೆ ಬರೋಣ. ಎಚ್‌ಒ ಎಂಬ ಜನಪ್ರಿಯ ಅಳತೆಯಲ್ಲಿ ಮಾದರಿ ಅಸಲಿನ 87ನೆಯ ಒಂದು ಭಾಗ. ಉದ್ದ 87 ಪಟ್ಟು ಕುಗ್ಗಿದರೆ ಗಾತ್ರ 87ರ ಘನದಷ್ಟು, ಅಂದರೆ ಸುಮಾರು 6.58 ಲಕ್ಷ ಪಟ್ಟು ಕುಗ್ಗುತ್ತದೆ. 100 ಟನ್ನಿನ ಎಂಜಿನ್ನು ಹೀಗೆ ಸುಮಾರು 152 ಗ್ರಾಂ ಆಗುತ್ತದೆ! ಎಂಜಿನ್ನು ಎಳೆಯುವ ಬಲಕ್ಕೆ ಚಕ್ರ ಮತ್ತು ಹಳಿಗಳ ನಡುವಿನ ಘರ್ಷಣೆಯೇ ಮಿತಿ. ಘರ್ಷಣೆ ತೂಕವನ್ನು ಅವಲಂಬಿಸಿದೆ. ಎಲ್ಲ ಚಕ್ರಗಳೂ ಮೋಟಾರಿನಿಂದ ತಿರುಗುತ್ತವೆ, ಘರ್ಷಣಾಂಕ 0.2 ಎಂದುಕೊಂಡರೆ ನಮ್ಮ ಮಾದರಿಯ ಎಳೆತ ಸುಮಾರು 0.3 ನ್ಯೂಟನ್ ಮಾತ್ರ. ಹಿತ್ತಾಳೆಯ ಸಾಂದ್ರತೆ ನೀರಿನ ಸುಮಾರು 8.5 ಪಟ್ಟು, ಪಾಲಿಸ್ಟೈರೀನ್‌ನದು 1.05 ಪಟ್ಟು. ಹಾಗೆಂದು ಹಿತ್ತಾಳೆಯೇ ಮೇಲೆಂದು ತೀರ್ಪು ಕೊಡಬೇಡಿ. ಪ್ಲಾಸ್ಟಿಕ್ ಹೊದಿಕೆಯ ಒಳಗೆ ಲೋಹದ ತುಂಡಿಟ್ಟು ತೂಕ ಹೆಚ್ಚಿಸಬಹುದು. ಹೆಚ್ಚಿನ ತಯಾರಕರು ಮಾಡುವುದೂ ಅದನ್ನೇ. ಪ್ಲಾಸ್ಟಿಕ್ ವಿದ್ಯುತ್ ನಿರೋಧಕವೂ ಹೌದು. ಎರಡು ಹಳಿಗಳಿಂದ ವಿದ್ಯುತ್ ಪಡೆಯುವ ಹಿತ್ತಾಳೆ ಎಂಜಿನ್ನಿನಲ್ಲಿ ಯಾವುದೋ ಒಂದು ಭಾಗ ಮತ್ತೊಂದಕ್ಕೆ ತಗುಲಿದರೂ ಶಾರ್ಟ್ ಸರ್ಕ್ಯೂಟ್ ಆಗುತ್ತದೆ.

ಹಿತ್ತಾಳೆಯ ನಿಜವಾದ ಬಲ ಬೇರೆ ಕಡೆ ಇದೆ. ಅದರ ಬಿಗಿತ ಪಾಲಿಸ್ಟೈರೀನ್‌ಗಿಂತ ಸುಮಾರು 30 ಪಟ್ಟು ಹೆಚ್ಚು. ಆದ್ದರಿಂದ ತೆಳು ಕೈಪಿಡಿ, ಸಣ್ಣ ಕೊಳವೆಗಳನ್ನು ಅಳತೆಗೆ ಸರಿಯಾಗಿ ಮಾಡಿದರೂ ಅವು ಬಾಗುವುದಿಲ್ಲ.

ರಾಯಚೂರಿನ ಮಟ್ಟಿಗೆ ಇನ್ನೊಂದು ತೊಡಕಿದೆ. ಎಚ್‌ಒ ಹಳಿಗಳ ಅಂತರ 16.5 ಮಿಲಿಮೀಟರ್. ಇದು ಯುರೋಪು, ಅಮೆರಿಕಗಳ 1435 ಮಿ.ಮೀ. ಹಳಿಗೆ ಹೊಂದುತ್ತದೆ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ.; 87ರಿಂದ ಭಾಗಿಸಿದರೆ 19.3 ಮಿ.ಮೀ. ಬರುತ್ತದೆ. ಅಂಗಡಿಯ ಎಂಜಿನ್ನಿಗೆ ಭಾರತೀಯ ಬಣ್ಣ ಬಳಿದರೂ ಅದು ಓಡುವುದು ಪರದೇಶದ ಹಳಿಯ ಮೇಲೆಯೇ!

ಹಾಗಾದರೆ ಆಯ್ಕೆ? ಮಕ್ಕಳು ಕೈಯಲ್ಲಿ ಹಿಡಿದು, ಓಡಿಸಿ, ಬೀಳಿಸಿ ಕಲಿಯಬೇಕಾದರೆ ಪ್ಲಾಸ್ಟಿಕ್ ಸಾಕು. ಮುರಿದರೆ ಅಂಟಿಸಬಹುದು. 1871ರ ರಾಯಚೂರಿನ ಎಂಜಿನ್ನನ್ನು ಅಳತೆಗೆ ನಿಷ್ಠವಾಗಿ ತೋರಿಸಬೇಕಾದರೆ ಹಿತ್ತಾಳೆ ತಗಡು, ಬೆಸುಗೆ, ತಾಳ್ಮೆ ಬೇಕು. ಪ್ಲಾಸ್ಟಿಕ್ ಎಂಜಿನ್ ತಂದವರು ಅದಕ್ಕೊಂದು ಸೂಕ್ಷ್ಮ ಸ್ಪ್ರಿಂಗ್ ತಕ್ಕಡಿ ಕಟ್ಟಿ, ಒಳಗೆ 50 ಗ್ರಾಂ, 100 ಗ್ರಾಂ ತೂಕ ಸೇರಿಸುತ್ತ ಎಳೆತವನ್ನು ಅಳೆಯಿರಿ. ಪಡೆದ ಬೆಲೆಗಳಿಂದ ನಕ್ಷೆ ಎಳೆದು, ಘರ್ಷಣಾಂಕವನ್ನು ವಿದ್ಯಾರ್ಥಿಗಳಿಂದಲೇ ಕಂಡುಹಿಡಿಸಿ.