ಗಡಿಯಾಚೆಯ ಬೇಸಾಯಗಾರ: ಕಯ್ಯಾರ ಕಿಞ್ಞಣ್ಣ ರೈ

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲ ನನ್ನೂರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ದರ್ಗಾದ ಬೀದಿಯಲ್ಲಿ ಉರ್ದು ಕೇಳುತ್ತಾ ಬೆಳೆದವನು ನಾನು. ಆಂಧ್ರದ ಗಡಿ ಹತ್ತಿರವೇ ಇದ್ದರೂ ಅದು ನಮ್ಮನ್ನು ಎಂದೂ ಕಾಡಿದ್ದಿಲ್ಲ. ಗಡಿ ಒಬ್ಬ ಮನುಷ್ಯನನ್ನು ಎಷ್ಟು ಕಾಡಬಲ್ಲದು ಎಂಬುದು ತಿಳಿದದ್ದು ಕಾಸರಗೋಡಿನ ಕಯ್ಯಾರ ಕಿಞ್ಞಣ್ಣ ರೈಗಳ ಬದುಕನ್ನು ಓದಿದಾಗ.

ರೈಗಳು ಹುಟ್ಟಿದ್ದು 1915ರ ಜೂನ್ 8ರಂದು. ಕಾಸರಗೋಡು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಮನೆಮಾತು ತುಳು, ಬರೆದದ್ದು ಹೆಚ್ಚಾಗಿ ಕನ್ನಡದಲ್ಲಿ. ಹನ್ನೆರಡರ ಹುಡುಗನಾಗಿದ್ದಾಗಲೇ ‘ಸುಶೀಲೆ’ ಎಂಬ ಕೈಬರಹದ ಪತ್ರಿಕೆ ಹೊರಡಿಸಿದರು. ಗಾಂಧೀಜಿಯ ಪ್ರಭಾವಕ್ಕೆ ಒಳಗಾಗಿ ಸ್ವಾತಂತ್ರ್ಯ ಚಳವಳಿಗೆ ಬಂದರು, ಮಂಗಳೂರಿನಲ್ಲಿ ಪತ್ರಕರ್ತರಾದರು. ಆಮೇಲೆ ಪೆರಡಾಲದ ನವಜೀವನ ಶಾಲೆಯಲ್ಲಿ ಮೇಷ್ಟರಾದರು. ಇದರ ಜೊತೆಗೇ ಬೇಸಾಯವೂ ನಡೆದಿತ್ತು. ಅವರ ಆತ್ಮಕಥೆಯ ಹೆಸರೇ ‘ದುಡಿತವೇ ನನ್ನ ದೇವರು’.

1956ರ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾದಾಗ ಕಾಸರಗೋಡು ಕೇರಳಕ್ಕೆ ಹೋಯಿತು. ಬ್ರಿಟಿಷರ ವಿರುದ್ಧ ಹೋರಾಡಿದವರು ಈಗ ಸ್ವತಂತ್ರ ದೇಶದಲ್ಲೇ ಇನ್ನೊಂದು ಹೋರಾಟಕ್ಕೆ ಇಳಿಯಬೇಕಾಯಿತು. ರೈಗಳ ಕವಿತೆ ಆ ಹೋರಾಟದ ಕೂಗಾಯಿತು. ಚಂದ್ರಗಿರಿ ನದಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ್ ಆಯೋಗ ಹೇಳಿತಾದರೂ ವರದಿ ಜಾರಿಗೆ ಬರಲೇ ಇಲ್ಲ.

ನನ್ನನ್ನು ಹಿಡಿದು ನಿಲ್ಲಿಸುವುದು ರೈಗಳ ಬದುಕಿನ ಇನ್ನೊಂದು ಮುಖ. ಊರು ಕೇರಳದಲ್ಲೇ ಉಳಿಯಿತೆಂದು ಅವರು ಸಿಟ್ಟು ಮಾಡಿಕೊಂಡು ಕೂರಲಿಲ್ಲ. ಬದಿಯಡ್ಕ ಪಂಚಾಯಿತಿಯ ಅಧ್ಯಕ್ಷರಾಗಿ ಹದಿನೈದು ವರ್ಷ ದುಡಿದರು. ತಾವು ಒಪ್ಪದ ರಾಜ್ಯದ ಆಡಳಿತದೊಳಗೇ ನಿಂತು ತಮ್ಮ ಊರಿನ ಕೆಲಸ ಮಾಡಿದರು. ಮಲಯಾಳದ ದೊಡ್ಡ ಕವಿ ಕುಮಾರನ್ ಆಶಾನರ ಕಾವ್ಯಗಳನ್ನು ಕನ್ನಡಕ್ಕೆ ತಂದರು. ಅವರ ಜಗಳ ನಕ್ಷೆಯ ಗೆರೆಯೊಂದಿಗೆ ಇತ್ತು, ಗೆರೆಯ ಆಚೆ ಈಚೆಯ ಭಾಷೆಯೊಂದಿಗಲ್ಲ.

ಕನ್ನಡಿಗರು ಅವರನ್ನು ಮರೆಯಲಿಲ್ಲ. 1997ರಲ್ಲಿ ಮಂಗಳೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರನ್ನಾಗಿ ಕರೆದರು. ಆದರೆ ಅವರ ಬೇಡಿಕೆ ಈಡೇರಲಿಲ್ಲ. ನೂರು ವರ್ಷ ತುಂಬಿದ ಮೇಲೆ, 2015ರ ಆಗಸ್ಟ್ 9ರಂದು, ಅವರು ತೀರಿಕೊಂಡಾಗಲೂ ಕಾಸರಗೋಡು ಕೇರಳದಲ್ಲೇ ಇತ್ತು.

ನಮ್ಮೂರಲ್ಲಿ ಯಾರಾದರೂ ತೆಲುಗು–ಕನ್ನಡವೆಂದು ಮಾತು ಬೆಳೆಸಿದರೆ ನನಗೆ ರೈಗಳು ನೆನಪಾಗುತ್ತಾರೆ. ಹೋರಾಟವನ್ನೂ ಬಿಡದೆ, ನೆರೆಯವರ ಕವಿತೆಯನ್ನೂ ಬಿಡದೆ ನೂರು ವರ್ಷ ಬಾಳಿದವರು ಅವರು.