ಶಾಮಶಾಸ್ತ್ರಿಗಳ ಕಾಲಗಣನೆ: ಅರ್ಥಶಾಸ್ತ್ರದ ಹಿಂದೆ ಮುಂದೆ

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಇಂದು ಸಂಗೀತಗಾರರ ಊರೆಂದೇ ಪ್ರಸಿದ್ಧ. ಕಾವೇರಿ ದಂಡೆಯ ಇದೇ ಊರಲ್ಲಿ 1868ರಲ್ಲಿ ಹುಟ್ಟಿದ ಆರ್. ಶಾಮಶಾಸ್ತ್ರಿಗಳನ್ನು ವಿದ್ವತ್ ಲೋಕ ಮರೆತಿಲ್ಲ. ಆದರೆ ಒಂದೇ ಗ್ರಂಥಕ್ಕೆ ಕಟ್ಟಿಹಾಕಿದೆ. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಕೊಟ್ಟ ತಾಳೆಗರಿಯ ಕಟ್ಟಿನಲ್ಲಿ ಅವರು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. ಮೂಲ 1909ರಲ್ಲಿ, ಇಂಗ್ಲಿಷ್ ಅನುವಾದ 1915ರಲ್ಲಿ ಹೊರಬಂದವು. ಈ ಕಥೆ ಎಲ್ಲರಿಗೂ ಗೊತ್ತು.

ಅವರ ಪ್ರಕಟಣೆಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದರೆ ಬೇರೊಂದು ಚಿತ್ರ ಕಾಣುತ್ತದೆ. ಅರ್ಥಶಾಸ್ತ್ರದ ಮೂಲ ಅಚ್ಚಾಗುವ ಮುನ್ನವೇ, 1908ರಲ್ಲಿ, ವೈದಿಕ ಕಾಲಗಣನೆಯನ್ನು ಕುರಿತ ‘ಗವಾಮ್ ಅಯನ’ ಬಂದಿತ್ತು. ವೇದಾಂಗ ಜ್ಯೋತಿಷದ ಆವೃತ್ತಿ 1936ರದು; ಗ್ರಹಣಚಕ್ರವನ್ನು ಕುರಿತ ‘ದ್ರಪ್ಸ’ 1938ರದು. ಮೂರು ದಶಕ ಅವರನ್ನು ಬಿಡದೆ ಕಾಡಿದ್ದು ಕಾಲದ ಲೆಕ್ಕವೇ ಎಂಬುದು ನನ್ನ ನಿಲುವು. ಸಂಸ್ಕೃತ ವಿದ್ವತ್ತಿನ ಜೊತೆಗೆ ಭೌತವಿಜ್ಞಾನವನ್ನೂ ಓದಿ ಪದವಿ ಪಡೆದವರಿಗೆ ಈ ಆಸಕ್ತಿ ಸಹಜವಾಗಿತ್ತು.

ಅರ್ಥಶಾಸ್ತ್ರದ ಎರಡನೆಯ ಅಧಿಕರಣದ ಇಪ್ಪತ್ತನೆಯ ಅಧ್ಯಾಯವನ್ನೇ ನೋಡಿ. ನಾಲ್ಕು ಮಾಷಕ ಚಿನ್ನವನ್ನು ನಾಲ್ಕು ಅಂಗುಲ ಉದ್ದದ ತಂತಿಯಾಗಿ ಎಳೆದು, ಅದು ತೂರುವಷ್ಟೇ ರಂಧ್ರವನ್ನು ಕೊಡಕ್ಕೆ ಕೊರೆಯಬೇಕು. ಅದರ ಮೂಲಕ ಒಂದು ಆಢಕ ನೀರು ಸೋರುವ ಹೊತ್ತೇ ಒಂದು ನಾಲಿಕೆ. ಅದೇ ಅಧ್ಯಾಯ ಮುಂದುವರಿದು, ಎರಡೂವರೆ ವರ್ಷಕ್ಕೆ ಒಂದರಂತೆ ಐದು ವರ್ಷದ ಯುಗಕ್ಕೆ ಎರಡು ಅಧಿಕಮಾಸಗಳನ್ನು ವಿಧಿಸುತ್ತದೆ. ಇದು ವೇದಾಂಗ ಜ್ಯೋತಿಷದ್ದೇ ಯುಗ: 1830 ದಿನ, 62 ಚಾಂದ್ರಮಾಸ. ಅರಮನೆಯ ಆಡಳಿತಗ್ರಂಥ ಮತ್ತು ಯಜ್ಞದ ಪಂಚಾಂಗ ಒಂದೇ ಗಣಿತವನ್ನು ಬಳಸಿವೆ. ಹಾಗಾಗಿ ಶಾಸ್ತ್ರಿಗಳು ಒಂದರಿಂದ ಇನ್ನೊಂದಕ್ಕೆ ಹೋದದ್ದನ್ನು ವಿಷಯಾಂತರ ಎನ್ನಲಾಗದು.

ಅವರ ಊಹೆಗಳೆಲ್ಲ ನಿಂತಿವೆ ಎಂದಲ್ಲ. ಋಕ್ಕುಗಳ ಅನೇಕ ರೂಪಕಗಳಲ್ಲಿ ಅಧಿಕದಿನವನ್ನೋ ಗ್ರಹಣವನ್ನೋ ಕಾಣುವ ಓದು ಹಲವೆಡೆ ಪಠ್ಯವನ್ನು ಎಳೆದಾಡುತ್ತದೆ. ದೇವನಾಗರಿ ಲಿಪಿ ತಾಂತ್ರಿಕ ಯಂತ್ರಗಳಿಂದ ಹುಟ್ಟಿತೆಂಬ ಅವರ 1906ರ ವಾದವನ್ನು ಲಿಪಿಶಾಸ್ತ್ರ ಒಪ್ಪಲಿಲ್ಲ. ಬ್ರಾಹ್ಮಿಯಿಂದ ಬಂದ ದಾರಿ ಶಾಸನಗಳಲ್ಲಿ ಸ್ಪಷ್ಟವಾಗಿದೆ. ಆದರೂ ಯಜ್ಞವಿಧಿಯೊಳಗೆ ಖಗೋಳದ ಲೆಕ್ಕ ಹುದುಗಿದೆ ಎಂಬ ಅವರ ಮೂಲಪ್ರಶ್ನೆಗೆ ಬೆಲೆಯಿದೆ. ಆ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಳ್ಳದೆ ಅವರನ್ನು ಬರಿಯ ಹಸ್ತಪ್ರತಿಶೋಧಕ ಎನ್ನುವುದು ಅನ್ಯಾಯ.

1920ರ ದಶಕದಲ್ಲಿ ಮೈಸೂರು ಪುರಾತತ್ವ ಇಲಾಖೆಯ ಹೊಣೆ ಹೊತ್ತಿದ್ದಾಗಲೂ ‘ಕಂಠೀರವ ನರಸರಾಜ ವಿಜಯ’, ನಯಸೇನನ ‘ಧರ್ಮಾಮೃತ’ದಂಥ ಕನ್ನಡ ಕಾವ್ಯಗಳನ್ನು ಅವರು ಸಂಪಾದಿಸಿದರು. 1944ರಲ್ಲಿ ತೀರಿಕೊಂಡರು. ರಾಜನೀತಿಯ ಚರಿತ್ರಕಾರರು ಇಂದಿಗೂ 1915ರ ಅನುವಾದವನ್ನು ಉಲ್ಲೇಖಿಸುತ್ತಾರೆ. ಅದರ ಪಕ್ಕದಲ್ಲಿ 1936ರ ಜ್ಯೋತಿಷ ಆವೃತ್ತಿಯನ್ನೂ ತೆರೆದಿಟ್ಟರೆ, ಅನುವಾದದಲ್ಲಿ ಮಾನ, ತೂಕ, ಋತುಗಳ ಅಧ್ಯಾಯಗಳ ಹಿಂದೆ ಎಂಥ ಗಣಿತಬುದ್ಧಿ ಕೆಲಸ ಮಾಡಿದೆ ಎಂಬುದು ತಿಳಿಯುತ್ತದೆ.