ಗೆಲ್ಲಿಸಿದವನಿಗೆ ಹಾರವೋ, ಗಳಿಸಿದವನಿಗೋ?

ಕುಸ್ತಿ ಕಣದಲ್ಲಿ ಈ ತಕರಾರು ಹುಟ್ಟುವುದೇ ಇಲ್ಲ. ಗದಗ ಸೀಮೆಯ ಜಾತ್ರೆಗಳಲ್ಲಿ ಜಂಗಿ ಕುಸ್ತಿ ನೋಡಿದವರಿಗೆ ಗೊತ್ತು: ಯಾರ ಬೆನ್ನು ಮಣ್ಣಿಗೆ ತಾಗಿತೋ ಅವನು ಸೋತ, ಕೆಡವಿದವನಿಗೆ ಬೆಳ್ಳಿ ಕಡಗ. ಯಾರು ಎಷ್ಟು ಪಟ್ಟು ಹಾಕಿದರು, ಎಷ್ಟು ಹೊತ್ತು ಸೆಣಸಿದರು ಎಂದು ಯಾರೂ ಬರೆದಿಡುವುದಿಲ್ಲ. ಆದರೆ ಅದೇ ಸೀಮೆಯ ಮಲ್ಲಸಮುದ್ರದಂಥ ಊರಿನ ಬಯಲಿನಲ್ಲಿ ಹನ್ನೊಂದು ಜನರ ಎರಡು ತಂಡಗಳು ಕ್ರಿಕೆಟ್ ಆಡಿದರೆ ಪಂದ್ಯ ಮುಗಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಗೆದ್ದದ್ದು ತಂಡ, ಸರಿ. ಗೆಲ್ಲಿಸಿದ್ದು ಯಾರು? ಹೆಚ್ಚು ರನ್ ಗಳಿಸಿದವನೇ, ಅಥವಾ ಕಡಿಮೆ ಗಳಿಸಿದರೂ ಗೆಲುವಿನ ದಡ ಮುಟ್ಟಿಸಿದವನೇ?

ಈ ಪ್ರಶ್ನೆ ಊರ ಬಯಲಿನದಷ್ಟೇ ಅಲ್ಲ. ಅಮೆರಿಕದ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರನಿರುತ್ತಾನೆ. ಚೆಂಡನ್ನು ಕೈಗೆ ತೆಗೆದುಕೊಂಡು ಯಾರಿಗೆ ಎಸೆಯಬೇಕೆಂದು ಕ್ಷಣಾರ್ಧದಲ್ಲಿ ತೀರ್ಮಾನಿಸುವುದು, ತಂಡದ ದಾಳಿಯನ್ನು ನಡೆಸುವುದು ಅವನ ಕೆಲಸ. ವರ್ಷದ ಅತ್ಯಮೂಲ್ಯ ಆಟಗಾರನನ್ನು ಆರಿಸಲು ಅಲ್ಲಿನ ಕ್ರೀಡಾ ಪತ್ರಕರ್ತರು ಮತ ಹಾಕುತ್ತಾರೆ. ತಂಡ ಮೇಲಿಂದ ಮೇಲೆ ಗೆದ್ದರೂ ಕ್ವಾರ್ಟರ್‌ಬ್ಯಾಕ್‌ನ ಅಂಕಿ-ಅಂಶಗಳು ಸಾಧಾರಣವಾಗಿದ್ದರೆ ಅವನು ಆ ಗೌರವಕ್ಕೆ ಅರ್ಹನೇ ಎಂಬ ವಾದ ಅಲ್ಲಿ ಮತ್ತೆ ಮತ್ತೆ ಏಳುತ್ತದೆ. ಕ್ರಿಕೆಟ್ ನೋಡುವ ಕನ್ನಡಿಗರಿಗೆ ಈ ವಾದ ಹೊಸದೇನಲ್ಲ.

ಕ್ರಿಕೆಟ್‌ನಲ್ಲಿ ಈ ಬಹುಮಾನ ಹೆಸರು ಮಾಡಿದ್ದು ಏಕದಿನ ಆಟದ ಜೊತೆಗೆ. 1963ರಲ್ಲಿ ಇಂಗ್ಲೆಂಡಿನ ಕೌಂಟಿ ತಂಡಗಳಿಗಾಗಿ ಜಿಲೆಟ್ ಕಪ್ ಆರಂಭವಾದಾಗ ಪ್ರತಿ ಪಂದ್ಯಕ್ಕೂ ಒಬ್ಬ ಶ್ರೇಷ್ಠ ಆಟಗಾರನನ್ನು ಆರಿಸುವ ಪದ್ಧತಿಯೂ ಬಂತು. ಮೊದಲ ವರ್ಷದ ಫೈನಲ್‌ನಲ್ಲೇ ಅದರ ಇಕ್ಕಟ್ಟು ಗೋಚರಿಸಿತು. ಟೆಡ್ ಡೆಕ್ಸ್‌ಟರ್ ನಾಯಕತ್ವದ ಸಸೆಕ್ಸ್ ಕಪ್ ಗೆದ್ದರೂ ಪ್ರಶಸ್ತಿ ಹೋದದ್ದು ಸೋತ ವೂಸ್ಟರ್‌ಷೈರ್‌ನ ಎಡಗೈ ಸ್ಪಿನ್ನರ್ ನಾರ್ಮನ್ ಗಿಫರ್ಡ್ ಅವರಿಗೆ. ಅಂದರೆ ಚೆನ್ನಾಗಿ ಆಡುವುದು ಬೇರೆ, ಗೆಲ್ಲಿಸುವುದು ಬೇರೆ ಎಂಬುದನ್ನು ತೀರ್ಪುಗಾರರು ಅಂದೇ ಒಪ್ಪಿಕೊಂಡಂತಾಯಿತು. ಕನ್ನಡ ಪತ್ರಿಕೆಗಳು ಇದನ್ನು ‘ಪಂದ್ಯ ಪುರುಷೋತ್ತಮ’ ಎಂದೂ ‘ಪಂದ್ಯಶ್ರೇಷ್ಠ’ ಎಂದೂ ಕರೆದವು. ಶ್ರೇಷ್ಠ ಎಂದರೆ ಎಲ್ಲರಿಗಿಂತ ಚೆನ್ನಾಗಿ ಆಡಿದವನು. ಅಮೂಲ್ಯ ಎಂದರೆ ಯಾರಿಲ್ಲದೆ ಕೆಲಸ ಆಗುತ್ತಿರಲಿಲ್ಲವೋ ಅವನು. ಇಡೀ ಜಗಳ ಇರುವುದು ಈ ಎರಡು ಮಾತುಗಳ ನಡುವೆ.

ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ 1996ರ ಅಕ್ಟೋಬರ್ 21ರಂದು ಇದಕ್ಕೊಂದು ಉದಾಹರಣೆ ಒದಗಿಸಿತು. ಟೈಟನ್ ಕಪ್ ಪಂದ್ಯದಲ್ಲಿ ಆಸ್ಟ್ರೇಲಿಯಾ 215 ರನ್ ಮಾಡಿತ್ತು. ನಾಯಕ ಸಚಿನ್ ತೆಂಡೂಲ್ಕರ್ 88 ರನ್ ಗಳಿಸಿ ಔಟಾದಾಗ ಭಾರತದ ಮೊತ್ತ 8 ವಿಕೆಟ್‌ಗೆ 164. ಇನ್ನೂ 52 ರನ್ ಬೇಕು, ಉಳಿದಿರುವುದು ಎರಡೇ ವಿಕೆಟ್. ಆಗ ಕ್ರೀಸಿನಲ್ಲಿ ಜೊತೆಯಾದವರು ಮೈಸೂರಿನ ಜಾವಗಲ್ ಶ್ರೀನಾಥ್ ಮತ್ತು ಬೆಂಗಳೂರಿನ ಅನಿಲ್ ಕುಂಬ್ಳೆ. ಇಬ್ಬರೂ ಬೌಲಿಂಗ್‌ಗಾಗಿ ತಂಡದಲ್ಲಿದ್ದವರು. ತವರಿನ ಪ್ರೇಕ್ಷಕರ ಎದುರು ಶ್ರೀನಾಥ್ ಅಜೇಯ 30, ಕುಂಬ್ಳೆ ಅಜೇಯ 16 ರನ್ ಗಳಿಸಿ, ಏಳು ಎಸೆತಗಳು ಉಳಿದಿರುವಂತೆಯೇ ಪಂದ್ಯವನ್ನು ಗೆದ್ದುಕೊಟ್ಟರು. ಪಂದ್ಯಶ್ರೇಷ್ಠ ಪ್ರಶಸ್ತಿ ತೆಂಡೂಲ್ಕರ್ ಪಾಲಾಯಿತು.

ಅದು ಅನ್ಯಾಯವೆಂದು ಹೇಳಲಾಗದು. ಆ 88 ರನ್‌ಗಳಿಲ್ಲದೆ ಬಾಲಂಗೋಚಿಗಳಿಗೆ ಗುರಿ ಕಾಣುತ್ತಲೇ ಇರಲಿಲ್ಲ. ಆದರೂ ಆ ರಾತ್ರಿಯನ್ನು ನೆನೆಯುವ ಕನ್ನಡಿಗರ ಬಾಯಲ್ಲಿ ಮೊದಲು ಬರುವುದು ಆ ಇಬ್ಬರ ಹೆಸರೇ. ಅದು ಊರಿನ ಅಭಿಮಾನವಷ್ಟೇ ಅಲ್ಲ. ಸೋಲು ಕಣ್ಣೆದುರಿಗೆ ನಿಂತ ಹೊತ್ತಿನಲ್ಲಿ, ತನ್ನದಲ್ಲದ ಕೆಲಸವನ್ನು ಹೊತ್ತುಕೊಂಡು ಗಳಿಸಿದ 30 ರನ್ನಿನ ತೂಕವೇ ಬೇರೆ. ರನ್ ಪಟ್ಟಿಗೆ ಆ ತೂಕ ಹಿಡಿಯುವ ತಕ್ಕಡಿ ಇಲ್ಲ.

ಹಾಗೆಂದು ಗೆಲುವಿನ ಹೊತ್ತಿಗೆ ಅಂಗಳದಲ್ಲಿದ್ದವರಿಗೆಲ್ಲ ಹಾರ ಹಾಕಲಾಗದು. 1983ರ ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ವಿರುದ್ಧ ಕಪಿಲ್ ದೇವ್ ಅಜೇಯ 175 ರನ್ ಬಾರಿಸಿದಾಗ, ಮುರಿಯದ ಒಂಬತ್ತನೇ ವಿಕೆಟ್ ಜೊತೆಯಾಟದಲ್ಲಿ 126 ರನ್ ಸೇರಿದವು. ಇನ್ನೊಂದು ತುದಿಯಲ್ಲಿದ್ದವರು ಕರ್ನಾಟಕದ ವಿಕೆಟ್ ಕೀಪರ್ ಸೈಯದ್ ಕಿರ್ಮಾನಿ. ಅವರ ಗಳಿಕೆ ಅಜೇಯ 24. ಅವರು ಗಟ್ಟಿಯಾಗಿ ನಿಲ್ಲದಿದ್ದರೆ ಕಪಿಲ್ ಆಟವೂ ನಡುವಿನಲ್ಲೇ ಮುಗಿಯುತ್ತಿತ್ತು. ಆದರೂ ಅಂದಿನ ಪ್ರಶಸ್ತಿ ಕಪಿಲ್‌ಗಲ್ಲದೆ ಬೇರೆಯವರಿಗೆ ಸಲ್ಲಬೇಕಿತ್ತೆಂದು ಯಾರೂ ಅನ್ನಲಾರರು. ಅಗತ್ಯವಾಗಿರುವುದು ಒಂದು, ನಿರ್ಣಾಯಕವಾಗಿರುವುದು ಇನ್ನೊಂದು. ಕಿರ್ಮಾನಿ ಗೆಲುವಿನ ದಾರಿಯನ್ನು ಕಾಯ್ದರು. ಆ ದಾರಿಯನ್ನು ಕಡಿದವರು ಕಪಿಲ್.

ಇನ್ನು ಕೆಲವು ಕೆಲಸಗಳಿಗೆ ಸಣ್ಣ ಅಂಕಿಯೂ ಸಿಗುವುದಿಲ್ಲ. 1973–74ರ ರಣಜಿ ಸೆಮಿಫೈನಲ್‌ನಲ್ಲಿ, ಅದಕ್ಕೆ ಹಿಂದೆ ಸತತ ಹದಿನೈದು ಬಾರಿ ಪ್ರಶಸ್ತಿ ಗೆದ್ದಿದ್ದ ಬಾಂಬೆ ತಂಡವನ್ನು ಕರ್ನಾಟಕ ಬೆಂಗಳೂರಿನಲ್ಲಿ ತಡೆಯಿತು. ಪ್ರಸನ್ನ ನಾಯಕತ್ವದ ತಂಡ ಮುಂದೆ ಫೈನಲ್‌ನಲ್ಲಿ ರಾಜಸ್ಥಾನವನ್ನು ಮಣಿಸಿ ಮೊದಲ ಬಾರಿಗೆ ರಣಜಿ ಟ್ರೋಫಿ ತಂದಿತು. ಆ ಸೆಮಿಫೈನಲ್ ತಿರುವು ಪಡೆದ ಘಳಿಗೆಗಳಲ್ಲಿ ಅಜಿತ್ ವಾಡೇಕರ್ ರನೌಟಾದದ್ದೂ ಒಂದು. ರನೌಟ್ ಯಾವ ಬೌಲರನ ಖಾತೆಗೂ ಸೇರುವುದಿಲ್ಲ.

1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತರು. ಒಂಬತ್ತು ವಿಕೆಟ್ ಬಿದ್ದ ಮೇಲೆ ಇನ್ನೊಂದು ತುದಿಯಿಂದ ಬೌಲ್ ಮಾಡುತ್ತಿದ್ದ ಶ್ರೀನಾಥ್, ಹತ್ತನೆಯದು ಗೆಳೆಯನಿಗೇ ಸಿಗಲೆಂದು ಚೆಂಡನ್ನು ಆಫ್ ಸ್ಟಂಪಿನಿಂದ ದೂರ ಎಸೆದರು. ಪಟ್ಟಿಯಲ್ಲಿ ಕುಂಬ್ಳೆ ಹೆಸರಿನ ಮುಂದೆ 74 ರನ್ನಿಗೆ 10 ಎಂದಿದೆ, ಶ್ರೀನಾಥ್ ಹೆಸರಿನ ಮುಂದೆ ಸೊನ್ನೆ ಇದೆ. ಆ ಸೊನ್ನೆಯ ಅರ್ಥ ಗೊತ್ತಿರುವುದು ಆಟ ನೋಡಿದವರಿಗೆ ಮಾತ್ರ.

ಅಮೆರಿಕದ ಕ್ವಾರ್ಟರ್‌ಬ್ಯಾಕ್‌ಗೆ ನಿಜವಾಗಿ ಹತ್ತಿರದವರು ಕ್ರಿಕೆಟ್‌ನ ನಾಯಕರು. ಇಂಗ್ಲೆಂಡಿನ ಮೈಕ್ ಬ್ರಿಯರ್ಲಿ 39 ಟೆಸ್ಟ್ ಆಡಿ ಒಂದೂ ಶತಕ ಹೊಡೆಯಲಿಲ್ಲ; ಸರಾಸರಿ 23 ರನ್ ಮುಟ್ಟಲಿಲ್ಲ. ಆದರೆ ನಾಯಕರಾಗಿದ್ದ 31 ಟೆಸ್ಟ್‌ಗಳಲ್ಲಿ 18 ಗೆದ್ದು, ಸೋತದ್ದು ನಾಲ್ಕನ್ನು ಮಾತ್ರ. 1981ರಲ್ಲಿ ಆಸ್ಟ್ರೇಲಿಯಾ ವಿರುದ್ಧದ ಸರಣಿಯ ನಡುವೆ ಅವರನ್ನು ಮತ್ತೆ ಕರೆತಂದ ಮೇಲೆ ಇಂಗ್ಲೆಂಡ್ ಸರಣಿಯನ್ನೇ ತಿರುಗಿಸಿತು. ಸರಣಿಶ್ರೇಷ್ಠರಾದವರು ಇಯಾನ್ ಬೋಥಂ. ಅದೂ ಸರಿಯೇ. ಆದರೆ ಬ್ರಿಯರ್ಲಿಯವರನ್ನು ರನ್ನಿನಿಂದಲೇ ಅಳೆದವರು ಅವರಲ್ಲಿದ್ದ ಮುಖ್ಯ ಗುಣವನ್ನೇ ಅಳೆಯದೆ ಬಿಟ್ಟಂತೆ.

ಇಷ್ಟಾದ ಮೇಲೆ ಅಂಕಿ-ಅಂಶಗಳನ್ನು ಮೂಲೆಗೆ ತಳ್ಳಿಬಿಡಬಹುದೇ? ಗದಗದ ಸುನೀಲ್ ಜೋಶಿಯವರ ಕತೆ ಗೊತ್ತಿರುವವರು ಹಾಗೆನ್ನಲಾರರು. 1970ರಲ್ಲಿ ಗದಗದಲ್ಲಿ ಹುಟ್ಟಿದ ಈ ಎಡಗೈ ಸ್ಪಿನ್ನರ್, ಹುಡುಗನಾಗಿದ್ದಾಗ ಅಭ್ಯಾಸಕ್ಕಾಗಿ ನಸುಕಿನಲ್ಲಿ ಹುಬ್ಬಳ್ಳಿಗೆ ಹೋಗಿ, ಶಾಲೆಯ ಹೊತ್ತಿಗೆ ಊರಿಗೆ ಮರಳುತ್ತಿದ್ದರು. ರಾಜಧಾನಿಯಿಂದ ಇಷ್ಟು ದೂರದ ಊರಿನ ಹುಡುಗನ ಆಟವನ್ನು ಆಯ್ಕೆದಾರರು ದಿನವೂ ಬಂದು ನೋಡುವುದಿಲ್ಲ. ಅವನ ಪರವಾಗಿ ಸಾಕ್ಷಿ ನುಡಿಯುವುದು ಅವನ ಅಂಕಿಗಳೇ. ಕರ್ನಾಟಕ ಗೆದ್ದ 1995–96ರ ರಣಜಿ ಋತುವಿನಲ್ಲಿ ಜೋಶಿ 500 ರನ್ ಮತ್ತು 50 ವಿಕೆಟ್ ಎರಡನ್ನೂ ದಾಟಿದರು. ಅದೇ ವರ್ಷದ ಜೂನ್‌ನಲ್ಲಿ ಇಂಗ್ಲೆಂಡಿನಲ್ಲಿ ಟೆಸ್ಟ್ ಆಡಿದರು.

ಮುಂದೆ 1999ರ ಸೆಪ್ಟೆಂಬರ್ 26ರಂದು ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್‌ಗಳಲ್ಲಿ ಬರೀ 6 ರನ್ ಕೊಟ್ಟು 5 ವಿಕೆಟ್ ಪಡೆದು ಪಂದ್ಯಶ್ರೇಷ್ಠರಾದರು. ಮರುವರ್ಷ ಬಾಂಗ್ಲಾದೇಶದ ಚೊಚ್ಚಲ ಟೆಸ್ಟ್‌ನಲ್ಲಿ, ಢಾಕಾದಲ್ಲಿ, 92 ರನ್ ಹಾಗೂ 8 ವಿಕೆಟ್ ಗಳಿಸಿ ಮತ್ತೆ ಅದೇ ಗೌರವ ಪಡೆದರು. ಆ ಎರಡು ದಿನ ಗೆಲ್ಲಿಸಿದವನೂ ಗಳಿಸಿದವನೂ ಒಬ್ಬನೇ ಆಗಿದ್ದರಿಂದ ತಕರಾರೇ ಇರಲಿಲ್ಲ. ಅಂಕಿಗಳ ಬದಲು ‘ಅವನಲ್ಲೇನೋ ಗೆಲುವಿನ ಗುಣವಿದೆ’ ಎಂಬ ಮಾತನ್ನೇ ಆಯ್ಕೆದಾರರು ನೆಚ್ಚಿದ್ದರೆ, ಆ ಮಾತು ದೊಡ್ಡ ಊರಿನ, ಕಣ್ಣೆದುರಿಗಿರುವ, ಪರಿಚಯದ ಹುಡುಗರಿಗೇ ಮೊದಲು ಸಲ್ಲುತ್ತಿತ್ತು. ಅಂಕಿಗೆ ಜಾತಿ-ಊರು ಗೊತ್ತಿಲ್ಲ. ಹಿಂದುಳಿದ ಊರಿನ ಆಟಗಾರನಿಗೆ ಅದೊಂದು ರಕ್ಷಣೆ.

ಹೀಗಾಗಿ ಉತ್ತರ ಪ್ರಶ್ನೆ ಕೇಳುವ ಜಾಗವನ್ನು ಅವಲಂಬಿಸಿದೆ. ಕಾಣದ ಆಟಗಾರನನ್ನು ದೂರದಿಂದ ಆರಿಸುವಾಗ, ಇಡೀ ಋತುವನ್ನು ತೂಗುವಾಗ, ಅಂಕಿಗಳ ಮಾತಿಗೆ ಹೆಚ್ಚು ಬೆಲೆ ಇರಬೇಕು. ಆದರೆ ಪಂದ್ಯದ ಪ್ರಶಸ್ತಿಯನ್ನು ಕೊಡುವವರು ಮೊದಲ ಎಸೆತದಿಂದ ಕೊನೆಯವರೆಗೆ ಅಂಗಳವನ್ನು ನೋಡಿದವರು. ಕಣ್ಣಿಟ್ಟುಕೊಂಡೂ ಪಟ್ಟಿಯನ್ನಷ್ಟೇ ಓದಿ ತೀರ್ಪು ಕೊಡುವುದಾದರೆ ಅವರು ಅಲ್ಲಿಗೆ ಬರುವ ಅಗತ್ಯವೇ ಇರಲಿಲ್ಲ. ಬೆಂಗಳೂರಿನ ಆ ರಾತ್ರಿ ಶ್ರೀನಾಥ್‌ಗೆ ಪ್ರಶಸ್ತಿ ಕೊಟ್ಟಿದ್ದರೆ, 30 ಎಂಬುದು ಸಣ್ಣ ಅಂಕಿ ಎಂಬ ಕಾರಣಕ್ಕೆ ಅದನ್ನು ತಪ್ಪೆನ್ನಲಾಗುತ್ತಿರಲಿಲ್ಲ. ಬರೀ ಗೆದ್ದ ತಂಡದಲ್ಲಿದ್ದ ಮಾತ್ರಕ್ಕೆ ಯಾರೂ ಶ್ರೇಷ್ಠರಾಗುವುದಿಲ್ಲ. ಅಂಕಿ ಸಣ್ಣದೆಂಬ ಮಾತ್ರಕ್ಕೆ ಯಾರೂ ಅನರ್ಹರೂ ಆಗುವುದಿಲ್ಲ.

2020ರ ಮಾರ್ಚ್‌ನಲ್ಲಿ ಸುನೀಲ್ ಜೋಶಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಒಂದು ಕಾಲಕ್ಕೆ ಅಂಕಿಗಳನ್ನೇ ನೆಚ್ಚಿ ಬಾಗಿಲು ತಟ್ಟಿದ ಗದಗದ ಹುಡುಗ ಬೇರೆಯವರ ಅಂಕಿಗಳನ್ನು ತೂಗುವ ಕುರ್ಚಿಯಲ್ಲಿ ಕುಳಿತದ್ದು ಹೀಗೆ. ಆ ಕುರ್ಚಿಯಲ್ಲಿ ಕೂರುವವರಿಗೆ ಪಟ್ಟಿಯೂ ಬೇಕು, ಪಟ್ಟಿಯಲ್ಲಿರುವ ಸೊನ್ನೆಯನ್ನು ಓದಬಲ್ಲ ಕಣ್ಣೂ ಬೇಕು.